ಗೆರೆ ಪೂರ್ತಿ ಇದ್ದರೂ ನೆಟ್ ನಿಧಾನ: ಮೆಶ್ ವೈಫೈ ದೋಷ ಹುಡುಕುವ ಕ್ರಮ

ಫೋನಿನಲ್ಲಿ ವೈಫೈ ಗೆರೆಗಳು ಪೂರ್ತಿ ಇವೆ. ವಿಡಿಯೋ ಮಾತ್ರ ಚಕ್ರ ತಿರುಗಿಸುತ್ತಾ ಕೂತಿದೆ. ಮನೆಗೆ ಮೆಶ್ ವೈಫೈ, ಅಂದರೆ ಎರಡು ಮೂರು ಯೂನಿಟ್ ಸೇರಿ ಮನೆಯಿಡೀ ಒಂದೇ ವೈಫೈ ಕೊಡುವ ಸೆಟ್, ಹಾಕಿಕೊಂಡವರಿಂದ ಜಾಸ್ತಿ ಕೇಳಿಬರುವ ದೂರು ಇದೇ. ಸಾವಿರಾರು ರೂಪಾಯಿ ಕೊಟ್ಟು ಎರಡು ಮೂರು ಯೂನಿಟ್ ತಂದಿಟ್ಟಾಗಿದೆ, ಒಳಗಿನ ಬೆಡ್‌ರೂಮಿನಲ್ಲಿ ಮಾತ್ರ ಹಳೇ ಕಥೆಯೇ. ಸಿಟ್ಟು ಬರುತ್ತದೆ, ಅಲ್ವಾ?

ಆ ಗೆರೆಗಳು ಹೇಳುವುದು ಫೋನಿಗೂ ಅದರ ಹತ್ತಿರದ ಯೂನಿಟ್‌ಗೂ ನಡುವಿನ ಸಿಗ್ನಲ್ ಹೇಗಿದೆ ಅನ್ನುವುದನ್ನು ಮಾತ್ರ. ಆ ಯೂನಿಟ್‌ನಿಂದ ಹಾಲ್‌ನಲ್ಲಿರುವ ಮೇನ್ ಯೂನಿಟ್‌ಗೆ ಇನ್ನೊಂದು ದಾರಿ ಇದೆ. ಅದಕ್ಕೆ ಬ್ಯಾಕ್‌ಹಾಲ್ ಅನ್ನುತ್ತಾರೆ. ಅಲ್ಲಿ ಏನಾಗುತ್ತಿದೆ ಅನ್ನುವುದು ಗೆರೆಗೆ ಗೊತ್ತೇ ಆಗುವುದಿಲ್ಲ. ನಾನು ನೋಡಿದ ಮುಂಬೈ ಮನೆಗಳಲ್ಲಿ ಕೆಟ್ಟಿದ್ದು ಬಹುಪಾಲು ಈ ನಡುವಿನ ದಾರಿಯೇ. ಡಬ್ಬಿ ಕೆಟ್ಟಿರುವುದು ಅಪರೂಪ.

ಹೊರಗಿನಿಂದ ಒಳಗೆ ಲೆಕ್ಕ ಹಾಕಿದರೆ ನೆಟ್ ನಾಲ್ಕು ಹಂತ ದಾಟಿ ಬರುತ್ತದೆ. ಫೈಬರ್‌ನಿಂದ ನೆಟ್ ಕಂಪನಿಯ ಮೋಡೆಮ್‌ಗೆ, ಮೋಡೆಮ್‌ನಿಂದ ಮೇನ್ ಯೂನಿಟ್‌ಗೆ, ಮೇನ್‌ನಿಂದ ಎರಡನೇ ಯೂನಿಟ್‌ಗೆ, ಅಲ್ಲಿಂದ ಫೋನಿಗೆ. ಇದೇ ಕ್ರಮದಲ್ಲಿ ಒಂದೊಂದೇ ಹಂತ ಅಳೆಯುತ್ತಾ ಬನ್ನಿ. ವೇಗ ಎಲ್ಲಿ ಬಿತ್ತೋ ದೋಷ ಅಲ್ಲಿದೆ. ಒಂದು ವಿನಂತಿ: ಎಲ್ಲಕ್ಕಿಂತ ಮೊದಲು ಪಿನ್ ಚುಚ್ಚಿ ರಿಸೆಟ್ ಮಾಡಬೇಡಿ. ಮಾಡಿದರೆ ಇದ್ದ ಸುಳಿವೂ ಹೋಗುತ್ತದೆ, ಮೇಲಿಂದ ಎಲ್ಲವನ್ನೂ ಮತ್ತೆ ಜೋಡಿಸುವ ಕೆಲಸ ಬೇರೆ.

ಮೊದಲು ಕಂಪನಿಯ ಮೋಡೆಮ್

ನಮ್ಮ ಕಡೆಯ ಫ್ಲಾಟ್‌ಗಳಲ್ಲಿ ಫೈಬರ್ ಮೋಡೆಮ್ ಇರುವುದು ಮುಂಬಾಗಿಲ ಮೇಲೆ, ಲಾಫ್ಟ್‌ನಲ್ಲಿ, ಇಲ್ಲವೇ ಟಿವಿ ಹಿಂದೆ. ಒಮ್ಮೆ ಸ್ಟೂಲ್ ಹಾಕಿ ಹತ್ತಿ ದೀಪಗಳನ್ನು ನೋಡಿ. ಪಿಓಎನ್ ದೀಪ ಸ್ಥಿರವಾಗಿ ಉರಿಯುತ್ತಿರಬೇಕು. ಎಲ್‌ಓಎಸ್ ಎಂದು ಬರೆದ ಕಡೆ ಕೆಂಪು ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಮೆಶ್ ಮುಟ್ಟಿ ಪ್ರಯೋಜನವಿಲ್ಲ, ಕಂಪನಿಗೆ ಫೋನ್ ಮಾಡಿ. ಮಳೆಗಾಲದಲ್ಲಿ ಟೆರೇಸ್ ಮೇಲಿನ ಜಾಯಿಂಟ್ ಡಬ್ಬಿಗೆ ನೀರು ಹೋಗುವುದು, ಡಕ್ಟ್‌ನಲ್ಲಿ ಇಲಿ ಕಡಿಯುವುದು, ಚಪ್ಪಲಿ ಸ್ಟ್ಯಾಂಡ್ ಒತ್ತಿ ಹಳದಿ ವೈರ್ ಮಡಚಿಕೊಳ್ಳುವುದು, ಇವೆಲ್ಲ ಇದ್ದದ್ದೇ. ಫೈಬರ್ ಒಳಗೆ ಗಾಜಿನ ಎಳೆ ಇರುತ್ತದೆ. ಮಾಮೂಲಿ ವೈರ್ ಥರ ಮಡಚಿ ಕಟ್ಟಿದರೆ ಬೆಳಕು ಸೋರುತ್ತದೆ. ಕನೆಕ್ಟರ್ ಬಣ್ಣವನ್ನೂ ಗಮನಿಸಿ. ಹಸಿರು ತುದಿ ಹಸಿರಿಗೇ ಹೋಗಬೇಕು. ಹಸಿರನ್ನು ನೀಲಿಗೆ ಚುಚ್ಚಿದರೆ ಕೂರುತ್ತದೆ ನಿಜ, ಆದರೆ ಒಳಗಿನ ತುದಿಗಳ ಕೋನ ಬೇರೆ ಬೇರೆ ಇರುವುದರಿಂದ ಸಿಗ್ನಲ್ ನಷ್ಟವಾಗುತ್ತದೆ.

ದೀಪ ಸರಿ ಇದ್ದರೆ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ನೇರ ಮೋಡೆಮ್‌ಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಈ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅಳತೆಗೂ ಇದೇ ಆಧಾರ. 300 ಎಂಬಿಪಿಎಸ್ ವೇಗದ ಪ್ಲ್ಯಾನ್‌ಗೆ ಇಲ್ಲೇ 60 ಬಂದರೆ ಮನೆ ಒಳಗೆ ಹುಡುಕುವುದೇನೂ ಉಳಿದಿಲ್ಲ.

ಎರಡು ರೌಟರ್‌ಗಳ ಜಗಳ

ಈಗಿನ ಫೈಬರ್ ಮೋಡೆಮ್‌ಗಳು ಸುಮ್ನೆ ಮೋಡೆಮ್ ಅಲ್ಲ, ಅವೇ ರೌಟರ್, ಅವೇ ವೈಫೈ. ನೀವು ತಂದ ಮೆಶ್ ಕೂಡ ಒಂದು ರೌಟರ್. ಎರಡೂ ಅದೇ ಕೆಲಸ ಮಾಡಲು ಹೊರಟರೆ ಡಬಲ್ ನ್ಯಾಟ್, ಅಂದರೆ ವಿಳಾಸ ಬದಲಿಸುವ ಕೆಲಸ ಎರಡೆರಡು ಸಲ, ಆಗುತ್ತದೆ. ಸಿನಿಮಾ ನೋಡಲು, ವಾಟ್ಸ್‌ಆ್ಯಪ್‌ಗೆ ಅದರಿಂದ ತೊಂದರೆ ಗೊತ್ತಾಗುವುದಿಲ್ಲ. ಆಟ ಆಡುವ ಮಕ್ಕಳು, ಊರಿನಿಂದ ಸಿಸಿಟಿವಿ ನೋಡುವವರು, ಕೆಲವು ಆಫೀಸ್ ವಿಪಿಎನ್ ಬಳಸುವವರು ಮೊದಲು ಕಿರುಚುತ್ತಾರೆ. ಎರಡೂ ಡಬ್ಬಿ 192.168.1.1 ಎಂಬ ಒಂದೇ ವಿಳಾಸದಲ್ಲಿ ಕೂತಿದ್ದರೆ ನೆಟ್ ಬಾರದೇ ಇರಬಹುದು, ಬಂದರೂ ಹೋಗಿ ಬಂದು ಮಾಡಬಹುದು.

ಪರಿಹಾರ ಎರಡು ಬಗೆ. ಮೆಶ್ ಆ್ಯಪ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಹಾಕುವುದು (ಮೆಶ್ ರೌಟರ್ ಕೆಲಸ ಬಿಟ್ಟು ವೈಫೈ ಮಾತ್ರ ಕೊಡುತ್ತದೆ), ಇಲ್ಲವೇ ಕಂಪನಿಗೆ ಹೇಳಿ ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸುವುದು (ಮೋಡೆಮ್ ರೌಟರ್ ಕೆಲಸ ಬಿಡುತ್ತದೆ). ಮೊದಲನೆಯದು ನಿಮ್ಮ ಕೈಯಲ್ಲೇ ಇದೆ, ಅದನ್ನೇ ಮಾಡಿ. ಒಂದು ಸಂದರ್ಭ ಮಾತ್ರ ಬೇರೆ. ಗಲ್ಲಿಯ ಕೇಬಲ್‌ವಾಲಾನಿಂದ ನೆಟ್ ತೆಗೆದುಕೊಂಡು, ಯೂಸರ್‌ನೇಮ್ ಪಾಸ್‌ವರ್ಡ್ ನಿಮ್ಮ ರೌಟರ್‌ನಲ್ಲೇ ಹಾಕಬೇಕಿದ್ದರೆ ಅದು ಪಿಪಿಪಿಓಇ ಸಂಪರ್ಕ. ಅಲ್ಲಿ ಮೆಶ್ ರೌಟರ್ ಆಗಿಯೇ ಇರಬೇಕು, ಆಕ್ಸೆಸ್ ಪಾಯಿಂಟ್ ಮಾಡಿದರೆ ನೆಟ್ಟೇ ಹೋಗುತ್ತದೆ. ಕೆಲವು ಕೇಬಲ್‌ವಾಲಾಗಳು ಹಳೆಯ ರೌಟರ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಡಬ್ಬಿಯ ಗುರುತಿನ ಸಂಖ್ಯೆಗೆ, ಲೈನ್ ಕಟ್ಟಿಹಾಕಿರುತ್ತಾರೆ. ಹೊಸದು ಹಾಕಿದ ಕೂಡಲೇ ನೆಟ್ ಸತ್ತರೆ "ಮ್ಯಾಕ್ ರಿಸೆಟ್ ಮಾಡಿ" ಎಂದು ಫೋನ್‌ನಲ್ಲಿ ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬಾ ಜನ ಬಿಡುತ್ತಾರೆ. ಕಂಪನಿ ಮೋಡೆಮ್‌ನ ಹಳೇ ವೈಫೈ ಆಫ್ ಮಾಡಿದ್ದೀರಾ? ಮಾಡದಿದ್ದರೆ ಫೋನ್‌ಗಳು ಹಳೇ ಪರಿಚಯ ಹಿಡಿದು ಅದಕ್ಕೇ ಹೋಗಿ ಅಂಟಿಕೊಳ್ಳುತ್ತವೆ. ಕೆಲವರು ಬುದ್ಧಿ ಉಪಯೋಗಿಸಿ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡುತ್ತಾರೆ. ಆಗಂತೂ ಫೋನ್ ಯಾವುದಕ್ಕೆ ಸೇರಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೆ ಮೇನ್ ಯೂನಿಟ್ ಇರುವ ರೂಮಿನಲ್ಲಿ, ಎರಡು ಮೂರು ಮೀಟರ್ ದೂರದಲ್ಲಿ ನಿಂತು ಫೋನಿನಲ್ಲಿ ವೇಗ ನೋಡಿ. ಮೊದಲು ಬರೆದಿಟ್ಟ ಅಂಕಿಯ ಹತ್ತಿರ ಬಂದರೆ ಎರಡನೇ ಹಂತವೂ ಪಾಸ್.

ಗೋಡೆ ನೋಡಿ, ಡಬ್ಬಿ ಆಮೇಲೆ

ಮಾಟುಂಗಾ, ದಾದರ್ ಕಡೆಯ ಹಳೇ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆಗಳಿವೆ. ಠಾಣೆ, ಮುಲುಂಡ್, ಡೊಂಬಿವಲಿಯಲ್ಲಿ ಈಚೆಗೆ ಎದ್ದ ಎಷ್ಟೋ ಟವರ್‌ಗಳ ಕಥೆ ಬೇರೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ, ಸ್ಲ್ಯಾಬ್ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟ್ ಸುರಿದು ಎಬ್ಬಿಸುತ್ತಾರೆ. ಬಿಲ್ಡರ್‌ಗಳು ಮಿವಾನ್ ಅನ್ನುವುದು ಇದಕ್ಕೇ. ಅಲ್ಲಿ ರೂಮುಗಳ ನಡುವಿನ ಗೋಡೆಗಳಲ್ಲೂ ಕಾಂಕ್ರೀಟ್, ಕಬ್ಬಿಣ. ನಿಮ್ಮದು ಅಂಥ ಮನೆಯೋ ಅಲ್ಲವೋ ಗೊತ್ತಾಗಬೇಕೆಂದರೆ ಕ್ಯಾಲೆಂಡರ್‌ಗೆ ಮೊಳೆ ಹೊಡೆದ ದಿನ ನೆನಪಿಸಿಕೊಳ್ಳಿ. ಮೊಳೆ ಬಾಗಿ, ಕೊನೆಗೆ ಡ್ರಿಲ್‌ನವನನ್ನು ಕರೆಸಿದ್ದರೆ ಹೌದು, ಅದೇ. ವೈಫೈ ಮುಖ್ಯವಾಗಿ ಓಡುವುದು 5 ಮತ್ತು 2.4 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ. ಇಂಥ ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗುತ್ತದೆ, ಎರಡು ಗೋಡೆ ದಾಟಿದರೆ ಬಹುತೇಕ ಮುಗಿಯಿತು. 2.4 ಗಿಗಾಹರ್ಟ್ಸ್ ಸ್ವಲ್ಪ ಗಟ್ಟಿ, ಆದರೆ ಅದರಲ್ಲಿ ವೇಗ ಕಡಿಮೆ, ಮೇಲಿಂದ ಅಕ್ಕಪಕ್ಕದ ಮನೆಗಳ ಗದ್ದಲ.

ಮುಲುಂಡ್‌ನಲ್ಲಿರುವ ನಮ್ಮ ಅಕ್ಕನ ಮನೆಯದು ಇದಕ್ಕೆ ಒಳ್ಳೇ ಉದಾಹರಣೆ. ಅವಳು ರಾತ್ರಿ ಫೋನ್ ಮಾಡಿದಳು. "ಮಾರಾಯಾ, ಗೆರೆ ಪೂರ್ತಿ ಉಂಟು, ಯಕ್ಷಗಾನ ಮಾತ್ರ ನಿಂತು ನಿಂತು ಬರ್ತದೆ. ಡಬ್ಬಿ ವಾಪಸ್ ಕೊಡ್ಲಾ?" ಹೋಗಿ ನೋಡಿದರೆ ಎರಡನೇ ಯೂನಿಟ್ ಇದ್ದದ್ದು ಒಳಗಿನ ಬೆಡ್‌ರೂಮಿನ ಕಟ್ಟಕಡೆಯ ಮೂಲೆಯಲ್ಲಿ, ಓದುವ ಮೇಜಿನ ಮೇಲೆ. ಅಲ್ಲಿಂದ ಹಾಲ್‌ನ ಮೇನ್ ಯೂನಿಟ್‌ಗೆ ಒಂದು ನೇರ ಗೆರೆ ಎಳೆದರೆ ನಡುವೆ ಸಿಗುವುದು ಕನ್ನಡಿ ಬಾಗಿಲಿನ ಸ್ಟೀಲ್ ಕಪಾಟು, ಬಚ್ಚಲಿನ ಟೈಲ್ಸ್ ಗೋಡೆ, ಮೂಲೆಯ ಪಿಲ್ಲರ್, ಆಮೇಲೆ ಫ್ರಿಜ್. ಕನ್ನಡಿ ಹಿಂದೆ ಲೋಹದ ಲೇಪ ಇರುತ್ತದೆ, ಸ್ಟೀಲ್ ಅಂತೂ ಕೇಳುವುದೇ ಬೇಡ. ಎರಡೂ ವೈಫೈ ಅಲೆಗಳನ್ನು ತಿರುಗಿಸಿ ಕಳುಹಿಸುತ್ತವೆ.

"ನೆಟ್ ಬೇಕಾದ ಜಾಗದಲ್ಲಿ ಡಬ್ಬಿ ಇಡುದಲ್ಲ ಅಕ್ಕ, ನೆಟ್ ಇನ್ನೂ ಚೆನ್ನಾಗಿರುವ ಜಾಗದಲ್ಲಿ ಇಡ್ಬೇಕು" ಅಂದೆ. ಎರಡನೇ ಯೂನಿಟ್ ಕೂಡ ಮೇನ್‌ನಿಂದ ಕೇಳಿಸಿಕೊಂಡೇ ಮುಂದೆ ಹೇಳಬೇಕಲ್ಲ. ಅದಕ್ಕೇ ಸರಿಯಾಗಿ ಕೇಳದಿದ್ದರೆ ಫೋನಿಗೆ ಏನು ಹೇಳುತ್ತದೆ? ಪ್ಯಾಸೇಜ್‌ನಲ್ಲಿ, ಹಾಲ್‌ನ ಬಾಗಿಲು ಕಾಣುವ ಹಾಗೆ, ಎದೆ ಎತ್ತರದ ಶೆಲ್ಫ್ ಮೇಲೆ ಇಟ್ಟೆವು. "ನೋಡ್ಲಿಕ್ಕೆ ಚಂದ ಕಾಣುದಿಲ್ಲ" ಎಂಬ ತಕರಾರು ಬಂತು. ಯಕ್ಷಗಾನ ತಡೆಯಿಲ್ಲದೆ ಓಡಿದ ಮೇಲೆ ಆ ತಕರಾರು ತಣ್ಣಗಾಯಿತು.

ಕಣ್ಣಂದಾಜಿನ ಬದಲು ಅಳೆದು ಜಾಗ ಹುಡುಕುವುದು ವಾಸಿ. ಎರಡನೇ ಯೂನಿಟ್‌ನ ಪವರ್ ತೆಗೆಯಿರಿ. ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಐಫೋನ್‌ ಆದರೆ ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಇದೆ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಈಗ ಯೂನಿಟ್ ಇಡಬೇಕೆಂದಿರುವ ಜಾಗದಲ್ಲಿ ನಿಂತು ಮೇನ್ ಯೂನಿಟ್‌ನ 5 ಗಿಗಾಹರ್ಟ್ಸ್ ಸಿಗ್ನಲ್ ಎಷ್ಟಿದೆ ನೋಡಿ. ಅಂಕಿ ಮೈನಸ್‌ನಲ್ಲಿ ಬರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು. ಮೈನಸ್ 50ರಿಂದ 65 ಡಿಬಿಎಂ ಒಳಗಿದ್ದರೆ ಧೈರ್ಯವಾಗಿ ಇಡಿ. ಮೈನಸ್ 70 ದಾಟಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಮೈನಸ್ 80ರಲ್ಲಿ ಇಟ್ಟರೆ ಆ್ಯಪ್‌ನಲ್ಲಿ ಹಸಿರು ಬಂದರೂ ಬರಬಹುದು, ನೆಟ್ ಬರುವುದಿಲ್ಲ.

ಸಂಶಯ ಉಳಿದರೆ ಇನ್ನೊಂದು ಪರೀಕ್ಷೆ. ಎರಡನೇ ಯೂನಿಟ್ ತಂದು ಮೇನ್ ಇರುವ ರೂಮಿನಲ್ಲೇ ಚಾಲೂ ಮಾಡಿ, ಆ್ಯಪ್‌ನಲ್ಲಿ ಫೋನ್ ಅದಕ್ಕೇ ಸೇರಿದೆ ಎಂದು ಖಾತ್ರಿ ಮಾಡಿಕೊಂಡು ವೇಗ ನೋಡಿ. ಅಲ್ಲಿ ಚೆನ್ನಾಗಿ ಬಂದು ಒಳಗೆ ಬರದಿದ್ದರೆ ತಪ್ಪು ಗೋಡೆಯದು.

ಒಂದು ಮಾತು ನೆನಪಿರಲಿ. ಎರಡೇ ಬ್ಯಾಂಡ್ ಇರುವ ಮೆಶ್‌ನಲ್ಲಿ ವೈರ್ ಇಲ್ಲದೆ ಜೋಡಿಸಿದರೆ ಎರಡನೇ ಯೂನಿಟ್‌ನಲ್ಲಿ ಸುಮಾರು ಅರ್ಧ ವೇಗವೇ ಸಿಗುವುದು. ಅದೇ ರೇಡಿಯೋ ಮೇನ್ ಜೊತೆಗೂ ಫೋನ್ ಜೊತೆಗೂ ಮಾತಾಡಬೇಕು, ಎರಡೂ ಏಕಕಾಲಕ್ಕೆ ಆಗುವುದಿಲ್ಲ. 300ರ ಪ್ಲ್ಯಾನ್‌ಗೆ ಒಳಗಿನ ರೂಮಿನಲ್ಲಿ 140 ಬಂದರೆ ಅದು ದೋಷವಲ್ಲ. ಬ್ಯಾಕ್‌ಹಾಲ್‌ಗೆಂದೇ ಬೇರೆ ರೇಡಿಯೋ ಇರುವ ಟ್ರೈ ಬ್ಯಾಂಡ್ ಸೆಟ್‌ಗಳಲ್ಲಿ ಈ ನಷ್ಟ ಕಡಿಮೆ. ಇನ್ನು ಮೂರನೇ ಯೂನಿಟ್ ಬಗ್ಗೆ ನನ್ನ ಅಭಿಪ್ರಾಯ: ನಮ್ಮ ಸಾಮಾನ್ಯ 2 ಬಿಎಚ್‌ಕೆಗೆ ಅದು ಬೇಡ. ಹತ್ತಿರ ಹತ್ತಿರ ಇಟ್ಟ ಮೂರು ಯೂನಿಟ್‌ಗಳು ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತವೆ. ಆಫರ್‌ನಲ್ಲಿ ಬಂತು ಎಂದು ಹಚ್ಚಿಡಬೇಡಿ.

ಸರಿಯಾಗಿ 94ಕ್ಕೆ ನಿಂತರೆ

ಕಾಂಕ್ರೀಟ್ ಮನೆಗೆ ನಿಜವಾದ ಔಷಧಿ ವೈರ್. ಎರಡು ಯೂನಿಟ್‌ಗಳ ನಡುವೆ ಲ್ಯಾನ್ ಕೇಬಲ್ ಎಳೆದರೆ ಗೋಡೆಯ ಗೊಡವೆಯೇ ಇಲ್ಲ. ಆದರೆ ವೈರ್ ಎಳೆದ ಮೇಲೂ ಒಂದು ವಿಚಿತ್ರ ದೂರು ಬರುತ್ತದೆ. ಎಷ್ಟು ಸಲ ನೋಡಿದರೂ ವೇಗ 93, 94, 95. ಇನ್ನೂರರ ಪ್ಲ್ಯಾನ್ ಇರಲಿ, ಐನೂರರದ್ದಿರಲಿ, ಅಷ್ಟೇ.

ಈ ಅಂಕಿ ಕಂಡ ಕೂಡಲೇ ಕೇಬಲ್ ಹಿಡಿಯಿರಿ. ಲ್ಯಾನ್ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ತಂತಿ ತುಂಡಾದರೂ ಎರಡು ಕಡೆಯ ಯೂನಿಟ್‌ಗಳು ಜಗಳವಾಡದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಅದರಲ್ಲಿ ಮೇಲುಖರ್ಚು ಕಳೆದು ಕೈಗೆ ಸಿಗುವುದು 94ರ ಆಸುಪಾಸು. ಎಲ್ಲೂ ಕೆಂಪು ದೀಪ ಬರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಪ್ಲಗ್ ಅನ್ನು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಎಂಟು ಬಣ್ಣ ಕಾಣಬೇಕು. ಹಿಡಿಯುವ ಕೊಕ್ಕೆ ಕೆಳಗೆ ಮಾಡಿ, ಚಿನ್ನದ ಬಣ್ಣದ ಹಲ್ಲುಗಳು ಮೇಲೆ ಬರುವಂತೆ ಹಿಡಿದರೆ ಎಡದಿಂದ ಕ್ರಮ ಹೀಗೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಬೇಕು. ಒಂದು ತಂತಿ ಮುಂದಿನ ಹಲ್ಲಿನ ತನಕ ಮುಟ್ಟದೆ ಅರ್ಧಕ್ಕೇ ನಿಂತಿರುವುದು ಕಣ್ಣಿಗೇ ಕಾಣುತ್ತದೆ. ಸಿಸಿಟಿವಿ ಹಾಕುವವರ ಕೈಯಲ್ಲಿ ಮಾಡಿಸಿದ್ದರೆ ನಾಲ್ಕೇ ತಂತಿ ಚುಚ್ಚಿ, ಉಳಿದದ್ದು ಕತ್ತರಿಸಿರುವುದೂ ಉಂಟು. ತುದಿ ಕತ್ತರಿಸಿ ಹೊಸ ಪ್ಲಗ್ ಹೊಡೆದರೆ ಮುಗಿಯಿತು. ಅದೇ 94 ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬರುತ್ತಿದ್ದರೆ ಅದರ ಪೋರ್ಟೇ 100ರದ್ದಿರಬಹುದು, ಅದನ್ನೂ ನೋಡಿಕೊಳ್ಳಿ.

ಕೇಬಲ್ ಕೊಳ್ಳುವಾಗಲೂ ಎಚ್ಚರ ಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದೇ ಥರ ಕಾಣುವ ಎರಡು ಕೇಬಲ್‌ಗಳ ಬೆಲೆ ತುಂಬಾ ಬೇರೆ ಬೇರೆ ಇದ್ದರೆ ಅಗ್ಗದ್ದು ಬಹುಶಃ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಒಂದು ತಂತಿಯನ್ನು ಬ್ಲೇಡ್‌ನಿಂದ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಬಿಡಿ. ಒಳಗೂ ಕೆಂಪಗಿದ್ದರೆ ಅಸಲಿ ತಾಮ್ರ. ಮನೆ ಮಟ್ಟಿಗೆ ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಗಿಗಾಬಿಟ್ ಕೊಡುತ್ತದೆ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿ.

ವೈರ್ ಎಲ್ಲಿಂದ ಎಲ್ಲಿಗೆ ಅನ್ನುವುದೂ ಮುಖ್ಯ. ಮೆಶ್ ರೌಟರ್ ಮೋಡ್‌ನಲ್ಲಿದ್ದರೆ ಎರಡನೇ ಯೂನಿಟ್‌ನ ವೈರ್ ಮೇನ್ ಯೂನಿಟ್‌ಗೇ ಬರಬೇಕು. ಹತ್ತಿರ ಆಗುತ್ತದೆಂದು ಕಂಪನಿ ಮೋಡೆಮ್‌ನ ಖಾಲಿ ಪೋರ್ಟ್‌ಗೆ ಹಾಕಿದರೆ ಅದು ಬೇರೆಯೇ ನೆಟ್‌ವರ್ಕ್‌ನಲ್ಲಿ ಕೂತು ಆ್ಯಪ್‌ನಲ್ಲಿ ಆಫ್‌ಲೈನ್ ಅನ್ನುತ್ತದೆ. ವೈರ್ ಹಾಕಿದ ಒಂದೆರಡು ನಿಮಿಷಕ್ಕೆ ಮನೆಯ ನೆಟ್ ಪೂರ್ತಿ ಮಲಗಿ, ನೆಟ್‌ವರ್ಕ್ ಸ್ವಿಚ್‌ನ (ಹಲವು ಲ್ಯಾನ್ ಕೇಬಲ್ ಜೋಡಿಸುವ ಡಬ್ಬಿ) ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗಿದರೆ ಎಲ್ಲೋ ಲೂಪ್ ಆಗಿದೆ. ಒಂದೇ ಯೂನಿಟ್‌ನಿಂದ ಅದೇ ಸ್ವಿಚ್‌ಗೆ ಎರಡು ಕೇಬಲ್ ಹೋಗಿವೆಯಾ ನೋಡಿ, ಒಂದನ್ನು ಕಿತ್ತುಬಿಡಿ.

ಇದ್ದಕ್ಕಿದ್ದಂತೆ ಹೋಗಿ ಬರುವುದು

ಯಾವಾಗಲೂ ನಿಧಾನ ಇರುವ ದೋಷ ಹುಡುಕುವುದು ಸುಲಭ. ಆಗೊಮ್ಮೆ ಈಗೊಮ್ಮೆ ಹೋಗಿ ಬರುವುದು ತಲೆನೋವು, ಮೆಕ್ಯಾನಿಕ್ ಬಂದಾಗ ಸರಿಯಾಗಿಯೇ ಇರುತ್ತದೆ. ಇದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಎರಡು ಪಿಂಗ್ ಕಿಟಕಿ ತೆರೆದಿಡಿ. ಪಿಂಗ್ ಅಂದರೆ ಒಂದು ವಿಳಾಸವನ್ನು ಮತ್ತೆ ಮತ್ತೆ ಕರೆದು ಉತ್ತರ ಬರುತ್ತದಾ ನೋಡುವ ಆಜ್ಞೆ. ಒಂದು ಮೇನ್ ಯೂನಿಟ್‌ನ ವಿಳಾಸಕ್ಕೆ, ಇನ್ನೊಂದು ಹೊರಗಿರುವ ಗೂಗಲ್‌ನ ವಿಳಾಸ 8.8.8.8ಕ್ಕೆ. ನೆಟ್ ಹೋದಾಗ ಎರಡೂ ನಿಂತರೆ ದೋಷ ಮನೆಯ ವೈಫೈನಲ್ಲಿ. ಎರಡನೆಯದು ಮಾತ್ರ ನಿಂತರೆ ಮೇನ್ ಯೂನಿಟ್‌ನಿಂದ ಆಚೆ, ಅಂದರೆ ಮೋಡೆಮ್ ಅಥವಾ ಲೈನ್. ಕಂಪನಿಯವರಿಗೆ ಈ ಸ್ಕ್ರೀನ್‌ಶಾಟ್ ಕಳಿಸಿದರೆ "ರೌಟರ್ ರೀಸ್ಟಾರ್ಟ್ ಮಾಡಿ ಸರ್" ಎಂಬ ಮಾತು ಬೇಗ ನಿಲ್ಲುತ್ತದೆ.

ವೈಫೈ ಕಡೆಯೇ ಎಂದಾದರೆ ಅಡಾಪ್ಟರ್ ಮೇಲೆ ಮೊದಲ ಸಂಶಯ. ಮೋಡೆಮ್‌ನದೂ ಮೆಶ್‌ನದೂ ಒಂದೇ ಥರ ಕರೀ ಅಡಾಪ್ಟರ್, ಪಿನ್ ಕೂಡ ಒಂದೇ ಅಳತೆ, ಎರಡರ ಮೇಲೂ 12 ವೋಲ್ಟ್ ಎಂದೇ ಇರುತ್ತದೆ. ಆದರೆ ಆಂಪಿಯರ್ ಬೇರೆ. ಒಂದೂವರೆ ಆಂಪಿಯರ್ ಬೇಡುವ ಯೂನಿಟ್‌ಗೆ ಅರ್ಧ ಆಂಪಿಯರ್‌ನದು ಹಾಕಿದರೆ ದೀಪ ಹತ್ತುತ್ತದೆ, ಸಂಜೆ ಎಲ್ಲರೂ ಫೋನ್ ಹಿಡಿದು ಕೂತಾಗ ತಾನೇ ರೀಸ್ಟಾರ್ಟ್ ಆಗುತ್ತದೆ. ಪೇಂಟಿಂಗ್, ಸ್ವಚ್ಛತೆ ಎಂದು ಎಲ್ಲ ಕಿತ್ತು ಮತ್ತೆ ಜೋಡಿಸಿದ ಮೇಲೆ ಶುರುವಾದ ತೊಂದರೆ ಆದರೆ ಇದನ್ನೇ ಮೊದಲು ನೋಡಿ.

ಆಮೇಲೆ ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಒಂದೊಂದು ಓಣಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇರಲಿ. ಇಡೀ ವಿಂಗ್‌ನ ವೈಫೈಗಳು ಈ ಮೂರರಲ್ಲೇ ನೂಕಾಡುತ್ತಿರುತ್ತವೆ, ಅಲ್ಲಿ ಪವಾಡ ನಿರೀಕ್ಷಿಸಬೇಡಿ. 5ರಲ್ಲಿ ಜಾಗ ಧಾರಾಳ, ಆದರೆ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರಾಡಾರ್‌ಗೆ ಮೊದಲ ಹಕ್ಕು. ರಾಡಾರ್ ಸದ್ದು ಕೇಳಿದರೆ ಯೂನಿಟ್ ಹತ್ತು ಸೆಕೆಂಡಿನೊಳಗೆ ಆ ಚಾನೆಲ್ ಬಿಡಬೇಕು, ಅರ್ಧ ಗಂಟೆ ವಾಪಸ್ ಬರುವಂತಿಲ್ಲ. ಇಂಥ ಹೊಸ ಚಾನೆಲ್‌ಗೆ ಹೋಗುವ ಮೊದಲು ಒಂದು ನಿಮಿಷ ಸುಮ್ನೆ ಕಿವಿಗೊಟ್ಟು ಕೂರಬೇಕು. ಆ ಹೊತ್ತು ಮನೆಯಲ್ಲಿ ನೆಟ್ ಇಲ್ಲ. ಮುಂಬೈಯಲ್ಲಿ ಇದು ಪುಸ್ತಕದ ಮಾತಲ್ಲ, ಅಂಧೇರಿಯ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ಸಿ ಬ್ಯಾಂಡ್ ರಾಡಾರ್ ಇದೆ, ಅಂಥವು ಕೆಲಸ ಮಾಡುವುದು 5.6 ಗಿಗಾಹರ್ಟ್ಸ್ ಸುತ್ತಮುತ್ತ. ಆ್ಯಪ್‌ನಲ್ಲಿ ಅವಕಾಶ ಇದ್ದರೆ 36ರಿಂದ 48, ಇಲ್ಲವೇ 149ರ ಮೇಲೆ ಇಡಿ. ಚಾನೆಲ್ ಆರಿಸಲು ಬಿಡದ ಮೆಶ್‌ಗಳೇ ಜಾಸ್ತಿ. ಅಂಥದ್ದರಲ್ಲಿ ಕಡೇಪಕ್ಷ 160 ಮೆಗಾಹರ್ಟ್ಸ್ ಆಯ್ಕೆ ಆಫ್ ಮಾಡಿ. 36ರಲ್ಲಿ ಕೂತರೂ ಅಷ್ಟು ಅಗಲಕ್ಕೆ 64ರ ತನಕ ಕೈ ಚಾಚಲೇಬೇಕು, ಅದರಲ್ಲಿ ಅರ್ಧ ರಾಡಾರ್ ಪಾಲಿನದು.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ನೆಟ್ ಬಾರದಿದ್ದರೆ ಕಾರಣ ಸರಳ. ಮೋಡೆಮ್ ಎದ್ದೇಳುವ ಮೊದಲೇ ಮೆಶ್ ಎದ್ದಿದೆ. ಮೋಡೆಮ್ ಆನ್ ಮಾಡಿ, ಪಿಓಎನ್ ದೀಪ ಮಿನುಗುವುದು ಬಿಟ್ಟು ಸ್ಥಿರವಾದ ಮೇಲೆ ಮೇನ್, ಆಮೇಲೆ ಉಳಿದವು. ಮೋಡೆಮ್‌ಗೂ ಮೇನ್‌ಗೂ ಒಂದೊಂದು ಮಿನಿ ಯುಪಿಎಸ್ ಹಾಕಿದರೆ ಈ ರಗಳೆಯೇ ಇಲ್ಲ.

ಒಂದೇ ಸಾಧನಕ್ಕೆ ಮಾತ್ರ ತೊಂದರೆ

ಎಲ್ಲ ಫೋನೂ ಸರಿ, ಪ್ರಿಂಟರ್ ಅಥವಾ ಸ್ಮಾರ್ಟ್ ಪ್ಲಗ್ ಮಾತ್ರ ಸೇರುತ್ತಿಲ್ಲ ಅಂದರೆ ಬಹುಶಃ ಅದಕ್ಕೆ 2.4 ಮಾತ್ರ ಗೊತ್ತಿರುತ್ತದೆ. ಮೆಶ್‌ನಲ್ಲಿ 2.4ಕ್ಕೆಂದೇ ಒಂದು ಬೇರೆ ಹೆಸರಿನ ವೈಫೈ ಮಾಡಿ ಅದಕ್ಕೆ ಸೇರಿಸಿ. ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಹಳೇ ಸಾಧನಗಳು ಬಾಗಿಲಲ್ಲೇ ನಿಲ್ಲುತ್ತವೆ, ಡಬ್ಲ್ಯೂಪಿಎ2 ಆಯ್ಕೆ ಮಾಡಿ. ಫಾಸ್ಟ್ ರೋಮಿಂಗ್ (ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಬೇಗ ದಾಟಿಸುವ ಆಯ್ಕೆ) ಆಫ್ ಮಾಡಿದ ಮೇಲೆ ಸೇರಿಕೊಂಡ ಪ್ರಿಂಟರ್‌ಗಳೂ ಇವೆ.

ಫೋನ್ ಹಾಲ್‌ನಿಂದ ಒಳಗೆ ಬಂದರೂ ಹಾಲ್‌ನ ಯೂನಿಟ್ ಬಿಡದಿದ್ದರೆ? ಯಾವಾಗ ಬದಲಾಯಿಸಬೇಕು ಎಂದು ಕೊನೆಗೆ ತೀರ್ಮಾನಿಸುವುದು ಫೋನೇ, ಮೆಶ್ ಸಲಹೆ ಕೊಡಬಹುದಷ್ಟೇ. ವೈಫೈ ಆಫ್ ಮಾಡಿ ಆನ್ ಮಾಡಿದಾಗ ವೇಗ ಸರಿಹೋದರೆ ಇದೇ ತೊಂದರೆ. ಯೂನಿಟ್‌ಗಳ ಸಿಗ್ನಲ್ ಪವರ್ ಮಧ್ಯಮಕ್ಕೆ ಇಳಿಸಿ ನೋಡಿ.

ಕೊನೆಗೆ ಡಬ್ಬಿಯ ಸರದಿ

ಇಷ್ಟೂ ಆದ ಮೇಲೂ ಸರಿಹೋಗದಿದ್ದರೆ ಯೂನಿಟ್ ಮೇಲೆ ಅನುಮಾನ ಪಡಬಹುದು. ಮೂರು ಯೂನಿಟ್ ಇದ್ದರೆ ಎರಡನೆಯದನ್ನೂ ಮೂರನೆಯದನ್ನೂ ಜಾಗ ಅದಲು ಬದಲು ಮಾಡಿ. ಎರಡೇ ಇದ್ದರೆ ಆ್ಯಪ್‌ನಲ್ಲಿ ತೆಗೆದು, ಎರಡನೆಯದನ್ನು ಮೇನ್ ಮಾಡಿ ಮತ್ತೆ ಜೋಡಿಸಿ. ರಿಸೆಟ್ ಪಿನ್‌ಗೆ ಈಗ ಕೆಲಸ. ದೋಷ ಹಳೇ ಜಾಗದಲ್ಲೇ ಉಳಿದರೆ ಮತ್ತೆ ಗೋಡೆ, ಕೇಬಲ್ ಕಡೆ ಹೋಗಿ. ದೋಷ ಯೂನಿಟ್ ಜೊತೆಗೇ ಹೋದರೆ ಬಿಲ್ ಹುಡುಕಿ, ವಾರಂಟಿ ಕೇಳಿ. ವಾಪಸ್ ಕೊಡುವ ಮೊದಲು ನಿಮ್ಮ ಖಾತೆಯಿಂದ ಆ ಯೂನಿಟ್ ತೆಗೆದುಹಾಕಿ, ಇಲ್ಲದಿದ್ದರೆ ಅದು ನಿಮ್ಮ ಹೆಸರಿನಲ್ಲೇ ಉಳಿದು ಮುಂದಿನವರಿಗೆ ಜೋಡಿಸಲು ಬರುವುದಿಲ್ಲ.